ಮರಳಿನಿಂದ ಬಂದ ಟಿಲ್ಲರ್

ಹೊಲ ಉಳುವ ಆ ಟಿಲ್ಲರ್ ನಮ್ಮ ಶೆಡ್ಡಿಗೆ ಬಂದದ್ದು ಗೋಣಿತಾಟು ಹೊದ್ದುಕೊಂಡು. ಲಗೇಜ್ ಆಟೋದಿಂದ ನಾಲ್ಕೈದು ಜನ ಸೇರಿ ಇಳಿಸುವಾಗ ತಾಟು ಜಾರಿಬಿತ್ತು. ಮೊದಲು ಕಂಡದ್ದು ಅದರ ಎರಡು ಉದ್ದನೆಯ ಹಿಡಿಕೆಗಳು. ತುಕ್ಕು ತಿಂದು ಕೆಂಪಗಾಗಿ, ಎತ್ತಿಕೋ ಎಂದು ಚಾಚಿದ ಕೈಗಳ ಹಾಗೆ ಮುಂದಕ್ಕೆ ನೀಡಿಕೊಂಡಿದ್ದವು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಅವನು ಅದನ್ನು ನೋಡಿದವನೇ ಲೋಟ ಹಿಡಿದುಕೊಂಡು ಒಳಗೆ ಹೋಗಿಬಿಟ್ಟ.

ನಮ್ಮದು ದಾವಣಗೆರೆಯಲ್ಲಿ ಹದಡಿ ರಸ್ತೆಯ ಬದಿಗಿರುವ ತಗಡಿನ ಶೆಡ್ಡು. ನನ್ನ ಗಂಡ ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಬಲಭುಜ ಕೆಟ್ಟ ಮೇಲೆ ಆ ಕೆಲಸ ಬಿಟ್ಟು ಇಲ್ಲಿ ರೈತರ ಯಂತ್ರ ರಿಪೇರಿಗೆ ಕೂತರು. ಅವರ ಕೈ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಹಾಗಾಗಿ ಬೋಲ್ಟು ತಿರುಗಿಸುವ ಪಾನಾ ಹಿಡಿದು ಜಗ್ಗುವ ಕೆಲಸ ನನ್ನ ಪಾಲಿಗೆ ಬಂತು. ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಾರೆ, ನಾನು ಸೆರಗು ಸೊಂಟಕ್ಕೆ ಸಿಗಿಸಿ ಮಾಡುತ್ತೇನೆ. ಮೊದಮೊದಲು ಗಿರಾಕಿಗಳು ನನ್ನನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಈಗ ಅವರೇ "ಅಕ್ಕಾರೆ, ಇದೊಂದು ಬೋಲ್ಟು ಯಾರಿಗೂ ಬಗ್ತಿಲ್ಲ ನೋಡ್ರಿ" ಎಂದುಕೊಂಡು ಬರುತ್ತಾರೆ.

ತುಕ್ಕಿಗೆ ಕಚ್ಚಿಕೊಂಡ ಬೋಲ್ಟು ಬಿಡಿಸುವುದರಲ್ಲಿ ಬಲಕ್ಕಿಂತ ತಡೆದುಕೊಳ್ಳುವ ಗುಣ ಮುಖ್ಯ. ತಂತಿಯ ಬ್ರಷ್ಷಿನಿಂದ ತುಕ್ಕು ಕೆರೆದು, ಡೀಸೆಲ್ಲಿಗೆ ಬ್ರೇಕ್ ಆಯಿಲ್ ಬೆರೆಸಿ ಸುರಿದು, ಬಿಟ್ಟುಬಿಡಬೇಕು. ಮರುದಿನ ತಲೆಯ ಮೇಲೆ ಸುತ್ತಿಗೆಯಿಂದ ಸಣ್ಣಗೆ ತಟ್ಟಬೇಕು. ಬೆಂಕಿ ತೋರಿಸಿ, ಕಾದ ಜಾಗಕ್ಕೆ ಮೇಣದಬತ್ತಿ ಒತ್ತಿದರೆ ಮೇಣ ಕರಗಿ ಬೋಲ್ಟಿನ ಸುತ್ತುಗೆರೆಗಳ ಸಂದಿಗೆ ಇಳಿಯುತ್ತದೆ. ಆಮೇಲೂ ತಕ್ಷಣ ಬಿಚ್ಚಲು ಹೋಗಬಾರದು. ಮೊದಲು ಇನ್ನಷ್ಟು ಬಿಗಿ ಮಾಡುವ ಹಾಗೆ ಕೂದಲೆಳೆಯಷ್ಟು ತಿರುಗಿಸಿ, ಅದು ಅಲುಗಿತು ಎನ್ನಿಸಿದ ಮೇಲೆ ಹಿಂದಕ್ಕೆ ತರಬೇಕು. ಅವಸರ ಮಾಡಿದರೆ ತಲೆ ಮುರಿದು ಕೈಗೆ ಬರುತ್ತದೆ, ದೇಹ ಒಳಗೇ ಉಳಿಯುತ್ತದೆ.

ಟಿಲ್ಲರ್ ಜೊತೆ ಇಬ್ಬರು ಬಂದಿದ್ದರು. ಒಬ್ಬಾಕೆ ನನಗಿಂತ ಒಂದಿಷ್ಟು ಚಿಕ್ಕವಳು, ಹಣೆಯಲ್ಲಿ ಕಾಸಗಲ ಕುಂಕುಮ. ಇನ್ನೊಬ್ಬ ಆಕೆಯ ಮೈದುನ. ಹರಿಹರದಿಂದ ಮೇಲಕ್ಕೆ, ಹೊಳೆದಂಡೆಯ ಹಳ್ಳಿಯವರು. ಮೈದುನ ಶೆಡ್ಡಿನೊಳಗೆ ಬರಲಿಲ್ಲ. ಬೈಕಿಗೆ ಒರಗಿ, ಬೆನ್ನು ನಮ್ಮ ಕಡೆ ಮಾಡಿ, ರಸ್ತೆ ನೋಡುತ್ತಾ ನಿಂತ.

"ಗ್ಯಾಸ್ ಕಟರ್ ಹಾಕಿ ತುಂಡು ಮಾಡಿಬಿಡ್ರಿ ಅಣ್ಣಾರೆ, ಯಾಕ ಸುಮ್ನೆ ಒದ್ದಾಡ್ತೀರಿ" ಎಂದು ಅಲ್ಲಿಂದಲೇ ಕೂಗಿ ಹೇಳಿದ.

ಆಕೆ ತಲೆ ಅಲ್ಲಾಡಿಸಿದಳು. "ಕಟರ್ ಬ್ಯಾಡ್ರಿ. ಒಂದು ಬೋಲ್ಟೂ ಮುರೀಬಾರ್ದು. ಎಲ್ಲಾ ಅವರೇ ಬಿಗಿದಿದ್ದು."

'ಅವರು' ಎಂದರೆ ಆಕೆಯ ಗಂಡ. ಅಂದು ಆಕೆ ನೆಲದ ಮೇಲೆ ಕೂತು, ನಾನು ಕೊಟ್ಟ ನೀರು ಕುಡಿದು ಹೇಳಿದ್ದು ಇಷ್ಟು. ಮಗಳು ತೊಟ್ಟಿಲಲ್ಲಿದ್ದಾಗಿನ ಮಾತು. ಅವರ ಹೊಲದ ಒಂದು ತುಂಡು ಹೊಳೆಯ ಆಚೆ ದಡದಲ್ಲೂ ಇತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳಷ್ಟೇ ಉಳಿದಾಗ ಟಿಲ್ಲರ್ ಹೊಡೆದುಕೊಂಡೇ ಆಚೆಗೆ ದಾಟುತ್ತಿದ್ದರು. ಮುಂಗಾರಿನ ಮೊದಲ ಮೋಡ ಕಟ್ಟಿದ ಒಂದು ದಿನ ಗಂಡ ಹಾಗೆ ಹೋದವನು, ಸಂಜೆ ವಾಪಸು ಬರುವ ಹೊತ್ತಿಗೆ ಮೇಲಿನಿಂದ ಒಮ್ಮೆಲೇ ಕೆಂಪು ನೀರು ಬಂತು. ಮನುಷ್ಯನೂ ಇಲ್ಲ, ಯಂತ್ರವೂ ಇಲ್ಲ. ಹರಿಹರದ ಸೇತುವೆಯಿಂದ ಕೆಳಕ್ಕೆ ಎಷ್ಟೋ ದೂರ ಹುಡುಕಿದರು, ಏನೂ ಸಿಗಲಿಲ್ಲ.

ಮೈದುನ ಆ ಸಂಜೆ ಈಚೆ ದಡದ ಹೊಲದಲ್ಲಿದ್ದ. ಅಣ್ಣನ ಇಂಜಿನ್ ಸದ್ದು ಕೇಳುತ್ತಿತ್ತು, ನೀರು ಬಂದ ಕೂಡಲೇ ಸದ್ದು ನಿಂತುಹೋಯಿತು ಎಂದು ಅವನು ಊರವರಿಗೆಲ್ಲ ಹೇಳಿದ್ದ. ಊರಿನಲ್ಲಿ ಕೆಲವರು ಬೇರೆ ಮಾತೂ ಆಡಿದರು. ಟಿಲ್ಲರ್ ಹೊಡೆದುಕೊಂಡು ಆಚೆ ಊರಿನಿಂದಲೇ ಎತ್ತಲೋ ಹೋಗಿದ್ದಾನೆ, ಅಲ್ಲಿ ಬೇರೊಂದು ಮನೆ ಮಾಡಿರಬೇಕು ಎಂದರು. ಆಕೆ ಯಾವುದನ್ನೂ ಒಪ್ಪಲಿಲ್ಲ. ಕುಂಕುಮ ಅಳಿಸಲಿಲ್ಲ, ತಿಥಿ ಮಾಡಿಸಲಿಲ್ಲ. ತೊಟ್ಟಿಲಲ್ಲಿದ್ದ ಮಗಳು ಈಗ ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದಳು.

ಟಿಲ್ಲರ್ ನಮ್ಮಲ್ಲಿಗೆ ಬಂದ ಬೇಸಿಗೆಯಲ್ಲಿ ಹೊಳೆ ಎಂದೂ ಇಲ್ಲದಷ್ಟು ತಳ ಕಂಡಿತ್ತು. ಪಂಪಿಗೆ ನೀರು ಸಿಗಲೆಂದು ಯಾರೋ ಮರಳಲ್ಲಿ ಗುಂಡಿ ತೋಡಿಸುವಾಗ ಎರಡು ಹಿಡಿಕೆಗಳು ಎದ್ದು ಬಂದವು.

"ನೋಡಿದ ಕೂಡ್ಲೇ ಗುರ್ತು ಹಿಡಿದೆ ಅಕ್ಕಾ. ಎಡಗಡೆ ಹಿಡಿಕೆಗೆ ಅವರು ಸೈಕಲ್ ಟ್ಯೂಬು ಸುತ್ತಿದ್ರು, ಅದು ಹಂಗೇ ಐತೆ" ಎಂದಳು.

ಇತ್ತು. ನಾನು ಮುಟ್ಟಿ ನೋಡಿದೆ. ರಬ್ಬರು ಇನ್ನೂ ಮೆತ್ತಗಿತ್ತು.

ನನ್ನ ಗಂಡ ಕುರ್ಚಿಯಿಂದ ಎದ್ದು ಇಂಜಿನ್ನಿನ ಸುತ್ತ ಒಂದು ಸುತ್ತು ಬಂದರು. ಒಳ್ಳೆಯ ಮನುಷ್ಯ, ಆದರೆ ಯಂತ್ರ ಕಂಡರೆ ಎದುರಿಗೆ ಯಾರಿದ್ದಾರೆ ಎನ್ನುವುದು ಮರೆತುಹೋಗುತ್ತದೆ. "ಓಡ್ತಿರೋ ಇಂಜಿನ್ ನೀರು ಕುಡಿದ್ರೆ ಒಳಗಿನ ಕನೆಕ್ಟಿಂಗ್ ರಾಡು ಬಗ್ಗಿಬಿಡ್ತೈತೆ. ಗಾಳಿ ಅಮುಕಬಹುದು, ನೀರು ಅಮುಕೋಕೆ ಬರಲ್ಲ. ಪಿಸ್ಟನ್ ಹೋಗಿ ನೀರಿಗೆ ಹೊಡೀತೈತೆ, ರಾಡು ಬಾಗ್ತೈತೆ. ನಿಂತಿರೋ ಇಂಜಿನ್ ಮುಳುಗಿದ್ರೆ ರಾಡು ನೆಟ್ಟಗೇ ಇರ್ತೈತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆಕೆ ಎದ್ದು ನಿಂತಳು. "ಅಂದ್ರೆ ಬಿಚ್ಚಿ ನೋಡಿದ್ರೆ ಗೊತ್ತಾಗ್ತೈತಾ? ಅವರು ಟಿಲ್ಲರ್ ಹಿಡ್ಕಂಡೇ ನೀರಿಗೆ ಹೋದ್ರಾ, ಇಲ್ಲಾ ಅಂತ?"

ನನ್ನ ಗಂಡ ನನ್ನ ಮುಖ ನೋಡಿದರು. ಹೊರಗೆ ಮೈದುನನ ಕೈಯಲ್ಲಿದ್ದ ಬೈಕಿನ ಕೀಲಿ ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ.

ಹೀಗೆ ಕೆಲಸ ಶುರುವಾಯಿತು. ಆಕೆ ಮಗಳನ್ನು ಕಾಲೇಜಿಗೆ ಬಿಡುವ ನೆಪದಲ್ಲಿ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಮೂಲೆಯಲ್ಲಿ ಮಗುಚಿಹಾಕಿದ ಡಬ್ಬದ ಮೇಲೆ ಕೂತು, ನನ್ನ ಕೈ ನೋಡುತ್ತಾ ಮಧ್ಯಾಹ್ನದವರೆಗೆ ಇರುತ್ತಿದ್ದಳು. ಮಾತು ಕಡಿಮೆ. ಒಂದೊಂದು ಬೋಲ್ಟು ಹೊರಬಂದಾಗಲೂ ಕೈಚಾಚಿ ಇಸಿದುಕೊಂಡು, ಸೆರಗಿನಿಂದ ಒರೆಸಿ, ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಳ್ಳುತ್ತಿದ್ದಳು.

ಮಾಯಕೊಂಡದಿಂದ ಬಂದ ಕಾಳು ರಾಶಿ ಮಾಡುವ ಯಂತ್ರಗಳು, ಬಾವಿಯಿಂದ ಎತ್ತಿದ ಪಂಪುಗಳು, ಮಳೆಗೆ ನಿಂತು ಕೊಳೆತ ಟ್ರೇಲರ್‌ಗಳು, ಎಂಥೆಂಥದೋ ಬಿಚ್ಚಿದ್ದೇನೆ. ಅವುಗಳಲ್ಲಿ ಕೆಲವಕ್ಕೆ ತುಕ್ಕು ಇದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಇದರ ಹತ್ತಿರ ಕೂತಾಗ ಮಾತ್ರ ಬೆನ್ನ ಹಿಂದೆ ಯಾರೋ ಬಗ್ಗಿ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಎರಡು ಮೂರು ಸಲ ತಿರುಗಿಯೂ ನೋಡಿದೆ. ಗಂಡ ಕುರ್ಚಿಯಲ್ಲಿ, ಆಕೆ ಡಬ್ಬದ ಮೇಲೆ. ಹಿಂದೆ ತಗಡಿನ ಗೋಡೆ.

ಇನ್ನೊಂದು ವಿಷಯ ಮರಳಿನದು. ಪ್ರತಿ ದಿನ ಸಂಜೆ ಶೆಡ್ಡು ಗುಡಿಸಿ ಬೀಗ ಹಾಕುತ್ತಿದ್ದೆ. ಬೆಳಿಗ್ಗೆ ಬಂದರೆ ಟಿಲ್ಲರ್ ಕೆಳಗೆ ಒಂದು ಬೊಗಸೆಯಷ್ಟು ಮರಳು ಸುರಿದಿರುತ್ತಿತ್ತು. ಒಳಗೆ ಗಟ್ಟಿಯಾಗಿ ತುಂಬಿಕೊಂಡಿದ್ದದ್ದು ಉದುರುತ್ತದೆ, ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಅದು ಒದ್ದೆಯಾಗಿರುತ್ತಿತ್ತು. ತಗಡಿನ ಕೆಳಗೆ, ಆ ಬೇಸಿಗೆಯಲ್ಲಿ, ಹಸಿ ಇಟ್ಟಿಗೆಯೇ ಒಣಗಿ ಬಿರಿಯುವಂಥ ಕಾವು. ಮುಟ್ಟಿದರೆ ಮರಳು ತಣ್ಣಗೆ ಅಂಗೈಗೆ ಅಂಟುತ್ತಿತ್ತು.

"ಒಳಗೆ ಜೇಡಿ ಐತೆ, ಜೇಡಿ ನೀರು ಬಿಡಲ್ಲ" ಎಂದರು ನನ್ನ ಗಂಡ. ಇರಬಹುದು. ಆದರೆ ಅವರೂ ಆಮೇಲೆ ತಮ್ಮ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡರು.

ಇಂಜಿನ್ನಿನ ಹೆಡ್ಡಿನ, ಅಂದರೆ ಸಿಲಿಂಡರಿನ ಮುಚ್ಚಳದ, ನಟ್ಟುಗಳೇ ಎಲ್ಲಕ್ಕಿಂತ ಕಷ್ಟ ಕೊಟ್ಟವು. ಮೂರು ಬಂದವು, ಕೊನೆಯದು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಕುಡಿಸಿದೆ, ಕಾಯಿಸಿದೆ, ಮೇಣ ಕುಡಿಸಿದೆ. ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಕಾಲು ಗೋಡೆಗೆ ಕೊಟ್ಟು ಜಗ್ಗಿದೆ. ತುಕ್ಕು ಹಿಡಿದ ನಟ್ಟು ಬಿಡುವಾಗ ಕೂಗುತ್ತದೆ. ಇಪ್ಪತ್ತು ಕಡೆ ಕೇಳಿದ ಸದ್ದೇ ಅದು, ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಕಿರುಚಲು. ಆದರೆ ಇದು ಹಾಗೆ ಕೂಗಲಿಲ್ಲ. ಸಣ್ಣಗೆ ಶುರುವಾಗಿ, ಎಳೆದು, ಕೊನೆಗೆ ಮೇಲಕ್ಕೆ ಏರಿತು. ದೂರದ ಹೊಲದಿಂದ ಯಾರೋ ಮನೆ ಕಡೆ ಕೂಗು ಹಾಕಿದ ಹಾಗೆ.

"ಆಂ, ಬಂದೇ" ಎಂದಳು ಆಕೆ.

ಡಬ್ಬದಿಂದ ಎದ್ದೂ ಬಿಟ್ಟಿದ್ದಳು. ಬಾಗಿಲ ಕಡೆ ಎರಡು ಹೆಜ್ಜೆ ಹೋಗಿ ನಿಂತಳು. ಆಮೇಲೆ ತಾನು ಎಲ್ಲಿದ್ದೇನೆ ಎನ್ನುವುದು ಗೊತ್ತಾಗಿ, ನನ್ನ ಕಡೆ ತಿರುಗಿದಳು. ಅವಳ ತೋಳಿನ ರೋಮ ನಿಂತಿದ್ದನ್ನು ನಾನು ನೋಡಿದೆ. ನನ್ನದೂ ನಿಂತಿತ್ತು.

"ಹಂಗೇ ಕೂಗ್ತಿದ್ರು ಅಕ್ಕಾ. ಊಟದ ಬುತ್ತಿ ತಾ ಅಂತ" ಎಂದಳು ಮೆಲ್ಲಗೆ.

ನಾನು ಪಾನಾ ಕೆಳಗಿಟ್ಟೆ. ಆ ದಿನ ಇಬ್ಬರೂ ಶೆಡ್ಡಿನಲ್ಲಿ ಕೂರಲಾರದೆ ಪಿ.ಜೆ. ಬಡಾವಣೆಯ ಒಂದು ಹೋಟೆಲಿಗೆ ಹೋದೆವು. ಜನ, ಆಟೋ ಹಾರ್ನು, ದೋಸೆ ಹುಯ್ಯುವ ಸದ್ದು ಎಲ್ಲ ಕಿವಿ ತುಂಬಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಅಲ್ಲಿ ಆಕೆ ತನ್ನ ಮನಸ್ಸಿನೊಳಗೆ ಇದ್ದದ್ದನ್ನು ಹೇಳಿದಳು. ಟಿಲ್ಲರಿನ ಹಿಂದೆ ಸುತ್ತುವ ಕತ್ತಿಗಳಿಗೆ ಲುಂಗಿ ಸಿಕ್ಕಿಕೊಂಡರೆ ಬಿಡುವುದಿಲ್ಲ ಎಂದು ಯಾರೋ ಆ ದಿನಗಳಲ್ಲಿ ಆಡಿದ್ದು ಅವಳ ಕಿವಿಗೆ ಬಿದ್ದಿತ್ತು. ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತಂತೆ. ಇಂಜಿನ್ ಓಡುತ್ತಲೇ ಇದೆ, ಬಟ್ಟೆ ಸಿಕ್ಕಿಕೊಂಡಿದೆ, ಬಿಡಿಸಿಕೊಳ್ಳಲು ಆಗುತ್ತಿಲ್ಲ, ನೀರು ಬರುತ್ತಿದೆ.

"ಮಗಳ ತಲೆ ಬಾಚುವಾಗ್ಲೂ ಅದೇ. ಅನ್ನ ಬಸಿಯುವಾಗ್ಲೂ ಅದೇ" ಎಂದಳು.

ಅದಕ್ಕೂ ಮುಂಚೆ ಒಂದು ದಿನ ನಾವು ಕತ್ತಿಗಳ ಮೇಲಿನ ತಗಡು ಬಿಚ್ಚಿದಾಗ ಅವಳು ಉಸಿರು ಹಿಡಿದು ಕೂತದ್ದು ಯಾಕೆ ಎಂದು ನನಗೆ ಆಗ ತಿಳಿಯಿತು. ಅಲ್ಲಿ ಮರಳು, ಬೇರು, ಕಪ್ಪೆಚಿಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ.

ಹೆಡ್ಡು ಎದ್ದ ಮೇಲೆ ನೋಡಿದರೆ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿತ್ತು. ಮರದ ತುಂಡು ಇಟ್ಟು ದಿನವೂ ಒಂದಿಷ್ಟು ಹೊಡೆಯುವುದು, ಎಣ್ಣೆ ಹಾಕುವುದು. ಅದು ಅಲುಗಾಡಿ ಹೊರಬರುವ ದಿನ ಮೈದುನನನ್ನೂ ಕರೆಸಲು ನನ್ನ ಗಂಡ ಹೇಳಿದರು. ಆಮೇಲೆ ಒಬ್ಬರ ಮಾತು ಒಬ್ಬರು ನಂಬದ ಹಾಗೆ ಆಗಬಾರದು ಎಂದು ಅವರ ಆಲೋಚನೆ. ಅವನು ಬಂದ. ಅಂದೂ ಬಾಗಿಲಲ್ಲೇ ನಿಂತ.

ಪಿಸ್ಟನ್ ಜೊತೆಗೆ ರಾಡು ಹೊರಗೆ ಬಂತು. ನನ್ನ ಗಂಡ ಅದನ್ನು ಎಡಗೈಯಲ್ಲಿ ಇಸಿದುಕೊಂಡು, ಡೀಸೆಲ್ಲಿನಲ್ಲಿ ತೊಳೆದು, ಸಮತಟ್ಟಾದ ಕಬ್ಬಿಣದ ಹಲಗೆಯ ಮೇಲೆ ಇಟ್ಟು, ಕೆಳಗೆ ಬೆಳಕು ತೂರುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ತಿರುಗಿಸಿ ನೋಡಿದರು. ನನಗೆ ಕೊಟ್ಟರು. ನಾನೂ ನೋಡಿದೆ.

"ನೆಟ್ಟಗೈತೆ" ಎಂದರು.

ಆಕೆ ರಾಡಿಗೆ ಕೈಚಾಚಿದಳು. ಮೊದಲು ಮಾತಾಡಿದ್ದು ಮೈದುನ. ಅವನ ದನಿ ಅಗತ್ಯಕ್ಕಿಂತ ಜೋರಾಗಿತ್ತು. "ಅದೆಂಗೆ ಸಾಧ್ಯ ಅಣ್ಣಾರೆ? ಇಂಜಿನ್ ಓಡ್ತಿತ್ತು. ನಾನು ಕಿವಿಯಾರೆ ಕೇಳೀನಿ. ನೀರು ಒಳಗೆ ಹೋಗೋಕೆ ಮುಂಚೆನೇ ಬಂದ್ ಬಿದ್ದಿರಬೇಕು. ಹಂಗಾಗಿರಬಹುದಲ್ಲ?"

ನನ್ನ ಗಂಡ ಯೋಚಿಸಿದರು. "ಆಗಬಹುದು. ಇಲ್ಲ ಅನ್ನೋಕೆ ಬರಲ್ಲ" ಎಂದರು.

ಆಕೆಯ ಮುಖ ಮತ್ತೆ ಇಳಿದುಹೋಯಿತು. ಇಷ್ಟು ದಿನದ ಕೆಲಸ ಎಲ್ಲಿತ್ತೋ ಅಲ್ಲಿಗೇ ಬಂತಲ್ಲ ಎಂದು ನನಗೂ ಕಸಿವಿಸಿ. ಸುಮ್ಮನೆ ಕೂರಲಾಗದೆ ಪಾನಾ ತೆಗೆದುಕೊಂಡೆ. ಸೈಲೆನ್ಸರಿನ ಎರಡು ಬೋಲ್ಟುಗಳು ಮಾತ್ರ ಹಾಗೇ ಉಳಿದಿದ್ದವು. ಹೊಗೆ ಹೋಗುವ ಆ ಕೊಳವೆಯ ಬಾಯಿ ಮರಳು ಜೇಡಿ ಸೇರಿ ಸಿಮೆಂಟಿನ ಹಾಗೆ ಕಟ್ಟಿಕೊಂಡಿತ್ತು. ಅದು ಬೇಕಾಗಿಲ್ಲ, ಬಿಡು ಎಂದು ನನ್ನ ಗಂಡ ಮೊದಲ ದಿನವೇ ಹೇಳಿದ್ದರು. ನಾನು ಆದರೂ ಎಣ್ಣೆ ಹಾಕುತ್ತಾ ಬಂದಿದ್ದೆ. ಈಗ ಪಾನಾ ಕೊಟ್ಟರೆ ಆ ಬೋಲ್ಟುಗಳು ಬೆಣ್ಣೆಯಲ್ಲಿ ತಿರುಗಿದ ಹಾಗೆ ಬಂದವು. ಒಂದಿಷ್ಟೂ ಸದ್ದಿಲ್ಲ. ಎರಡನೆಯದಕ್ಕೆ ಪಾನಾ ಸಹ ಬೇಕಾಗಲಿಲ್ಲ, ಬೆರಳಿಗೇ ಬಂತು. ಸೈಲೆನ್ಸರು ತಾನಾಗಿ ವಾಲಿ ನನ್ನ ತೊಡೆಯ ಮೇಲೆ ಬಿತ್ತು.

ಬಾಯಿಯ ಜೇಡಿಯನ್ನು ಉಳಿಯಿಂದ ಕೆತ್ತಿದೆ. ಬೆರಳುದ್ದ ಹೋದ ಮೇಲೆ ಉಳಿ ಮೆತ್ತಗೆ ಏನಕ್ಕೋ ತಾಗಿತು. ಇಕ್ಕಳ ಹಾಕಿ ಎಳೆದೆ. ಬಟ್ಟೆ. ಬಿಗಿಯಾಗಿ ಸುತ್ತಿ ತುರುಕಿದ ಬಟ್ಟೆ. ಎಳೆದಷ್ಟೂ ಬಂತು. ನೈಲಾನ್ ಸೀರೆಯ ತುಂಡು. ಹೊರಗಿನ ಪದರ ಮಸಿಯಾಗಿ ಕಪ್ಪು, ಒಳಗಿನ ಪದರ ಬಿಚ್ಚಿದರೆ ಗಿಣಿ ಹಸಿರು. ಅಷ್ಟು ವರ್ಷ ಮರಳಿನಲ್ಲಿದ್ದ ಬಣ್ಣ ಅಂಗಡಿಯಿಂದ ಈಗ ತಂದ ಹಾಗಿತ್ತು.

ಆಕೆ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನನ್ನ ಸೀರೆ. ತೊಟ್ಟಿಲಿಗೆ ಕಟ್ಟಿದ್ದು. ಹರಿದಾಗ ಒಂದು ತುಂಡು ಅವರೇ ಇಸ್ಕಂಡ್ರು" ಎಂದಳು.

ನನ್ನ ಗಂಡನ ಕಡೆ ನೋಡಿದೆ. ಅವರು ಕುರ್ಚಿಯಿಂದ ಎದ್ದಿದ್ದರು. ಹೊಲದಲ್ಲಿ ಇಂಜಿನ್ ಬಿಟ್ಟು ಹೋಗುವ ರೈತ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕುತ್ತಾನೆ, ಇಲ್ಲವೇ ಡಬ್ಬಿ ಮುಚ್ಚುತ್ತಾನೆ. ಮಳೆ ಬಂದರೆ ನೀರು ಒಳಗೆ ಇಳಿಯಬಾರದು ಎಂದು. ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ತುರುಕುವುದು ಇಂಜಿನ್ ನಿಲ್ಲಿಸಿ, ಕೊಳವೆ ಆರಿದ ಮೇಲೆ. ಬಟ್ಟೆ ತುರುಕಿದ ಇಂಜಿನ್ ಓಡುವುದಿಲ್ಲ.

"ಚಕ್ರ ಮರಳಲ್ಲಿ ಹೂತಿರಬೇಕು" ಎಂದರು ಅವರು ನಿಧಾನಕ್ಕೆ. "ಒಬ್ಬನಿಗೆ ಎತ್ತಕಾಗಿಲ್ಲ. ಬೆಳಗಾದ ಮೇಲೆ ಜನ ಕರ್ಕೊಂಡು ಬಂದರಾಯ್ತು ಅಂತ ಆಫ್ ಮಾಡಿ, ಮೋಡ ನೋಡಿ ಬಾಯಿಗೆ ಬಟ್ಟೆ ಹಾಕಿ, ನಡ್ಕಂಡು ಹೊರಟಿದ್ದಾನೆ. ಮರಳು ದಾಟೋದ್ರೊಳಗೆ ನೀರು ಬಂದಿರಬೇಕು."

ಆಕೆ ಸೀರೆಯ ತುಂಡನ್ನು ಮಡಿಸುತ್ತಿದ್ದಳು. ಬಿಚ್ಚಿ ಮತ್ತೆ ಮಡಿಸಿದಳು. "ಹಂಗಾದ್ರೆ ಸಿಕ್ಕಾಕ್ಕೊಂಡಿರ್ಲಿಲ್ಲ" ಎಂದಳು. "ಬಿಟ್ಟು ನಡೆದಿದ್ರು. ಮನೆಗೆ ಬರ್ತಿದ್ರು."

ಬಾಗಿಲಲ್ಲಿ ಮೈದುನ ಕುಸಿದು ಕೂತದ್ದು ನಮಗೆ ಸದ್ದಿನಿಂದ ಗೊತ್ತಾಯಿತು. ನಾನು ನೀರು ತೆಗೆದುಕೊಂಡು ಹೋದೆ. ಅವನು ಲೋಟ ಹಿಡಿದ, ಕುಡಿಯಲಿಲ್ಲ.

"ಅತ್ತಿಗೀ, ನಾನು ಕೇಳಿದ್ದು ಸುಳ್ಳಲ್ಲ" ಎಂದ.

"ಆಚೆ ದಡದಲ್ಲಿ ಯಾರದೋ ಪಂಪಿನ ಇಂಜಿನ್ ಇರಬೇಕು ಬಿಡಪ್ಪ, ನೀರಿನ ಮೇಲೆ ಸದ್ದು ದೂರ ಬರ್ತೈತೆ" ಎಂದರು ನನ್ನ ಗಂಡ.

"ಅಲ್ಲಿ ಯಾರತ್ರನೂ ಡೀಸೆಲ್ ಇಂಜಿನ್ ಇರ್ಲಿಲ್ಲ ಅಣ್ಣಾರೆ, ಎಲ್ಲಾ ಕರೆಂಟ್ ಮೋಟರು. ಅಣ್ಣನ ಇಂಜಿನ್ನೇ ಅದು. ಓಡ್ತಾ ಓಡ್ತಾ ನಡುವೆ ಒಂದು ಬಡಿತ ತಪ್ಪುತಿತ್ತು, ಬಿಕ್ಕಿದಂಗೆ. ಆ ಬಿಕ್ಕು ಬ್ಯಾರೆ ಯಾವ್ದಕ್ಕೂ ಇಲ್ಲ." ಅವನು ಅತ್ತಿಗೆಯ ಕಡೆ ನೋಡದೆ ನೆಲ ನೋಡುತ್ತಾ ಹೇಳಿದ. "ಹೊತ್ತಾಯ್ತು, ಅಣ್ಣ ಬರ್ಲಿಲ್ಲ ಅಂತ ನಾನು ಎದುರುಗೊಳ್ಳೋಕೆ ಹೊರಟಿದ್ದೆ. ಹೊಳೆಗೆ ಇಳಿಯೋಕೆ ಹೆಜ್ಜೆ ಇಟ್ಟೆ, ಆಗ ಇಂಜಿನ್ ಸದ್ದು ಕೇಳ್ತು. ಹತ್ರದಲ್ಲೇ. ಬಂದೇ ಬಿಟ್ಟ ಅಂದ್ಕಂಡು ದಡದಲ್ಲೇ ನಿಂತೆ. ಬೀಡಿ ಹಚ್ಚಿದೆ. ಆಮೇಲೆ ನೀರು ಬಂತು. ನನ್ನ ಕಣ್ಣೆದುರಿಗೇ ಮರಳು ಮುಳುಗ್ತು."

"ಆಗ ಸದ್ದು ನಿಂತೋಯ್ತು ಅಂದಿದ್ಯಲ್ಲ" ಎಂದಳು ಆಕೆ.

"ನಿಲ್ಲಲಿಲ್ಲ ಅತ್ತಿಗೀ." ಅವನು ಲೋಟವನ್ನು ನೆಲಕ್ಕಿಟ್ಟ. "ಹೊಳೆ ಈ ದಡದಿಂದ ಆ ದಡಕ್ಕೆ ತುಂಬಿತ್ತು. ನೀರಿನ ಮೇಲೆ ಏನೂ ಇಲ್ಲ. ಸದ್ದು ಮಾತ್ರ ಹಂಗೇ ಕೇಳ್ತಿತ್ತು, ಅಲ್ಲೇ ನಡುವಿನಿಂದ. ನಾನು ಓಡಿ ಮನೆಗೆ ಬಂದೆ. ನೀರು ಬಂದ ಕೂಡ್ಲೇ ನಿಂತೋಯ್ತು ಅಂದೆ. ಇಲ್ಲಾಂದ್ರೆ ಯಾರು ನಂಬ್ತಿದ್ರು? ಆ ಸದ್ದು ಕೇಳದೆ ಹೋಗಿದ್ರೆ ನಾನು ಹೋಗ್ತಿದ್ದೆ. ಅಣ್ಣನ್ನ ಕರ್ಕಂಡು ಬರ್ತಿದ್ದೆ."

ರಸ್ತೆಯಲ್ಲಿ ಹದಡಿ ಕಡೆಯ ಬಸ್ಸು ಹೋಯಿತು. ಕಾದ ತಗಡು ಮೇಲೆ ಟಣ್ ಎಂದಿತು.

ಆಕೆ ಮೈದುನನ ಎದುರಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಬೈಯುತ್ತಾಳೆ ಎಂದುಕೊಂಡೆ.

"ಇಳಿದಿದ್ರೆ ನೀನೂ ಬರ್ತಿರ್ಲಿಲ್ಲ" ಎಂದಳು. "ಮರಳಿನ ನಡುವೆ ಇಬ್ರೂ ಇರ್ತಿದ್ರಿ. ನೀರು ಇಬ್ರನ್ನೂ ತಗಂಡು ಹೋಗ್ತಿತ್ತು. ನಿನ್ನನ್ನ ದಡದಲ್ಲೇ ನಿಲ್ಲಿಸಿದ್ದು ಅವರೇ ಇರಬೇಕು ಕಣೋ."

ಅವನು ಗಂಡಸರು ಅಳದ ಹಾಗೆ ಅತ್ತ. ನನ್ನ ಗಂಡ ಎಡಗೈಯಿಂದ ಅವನ ಬೆನ್ನು ಸವರುತ್ತಾ ನಿಂತಿದ್ದರು. ನಾನು ಹಿಂದಕ್ಕೆ ಬಂದು ಕೈ ತೊಳೆಯಲು ಹೋದೆ. ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೊಳೆಯ ವಾಸನೆ ಹೋಗಲಿಲ್ಲ.

ಮುಂದಿನ ವಾರ ಹರಿಹರದ ಹೊಳೆಯ ದಂಡೆಯಲ್ಲಿ ತಿಥಿ ಕಾರ್ಯ ಆಯಿತು. ನಮ್ಮನ್ನೂ ಕರೆದಿದ್ದರು. ಆಕೆ ಹಣೆ ಬರಿದು ಮಾಡಿಕೊಂಡಿದ್ದಳು. ಆದರೆ ಮುಖದಲ್ಲಿ ಅದುವರೆಗೆ ನಾನು ಕಾಣದ ಒಂದು ನಿರಾಳ ಇತ್ತು, ಸರಿಯಾಗಿ ನಿದ್ದೆ ಮಾಡಿ ಎದ್ದವರ ಹಾಗೆ. ಮಗಳು ಅಪ್ಪನನ್ನು ಫೋಟೋದಲ್ಲಿ ಬಿಟ್ಟರೆ ಕಂಡವಳಲ್ಲ. ಅವಳೇ ಎಳ್ಳುನೀರು ಬಿಟ್ಟಳು. ಗಿಣಿ ಹಸಿರು ತುಂಡನ್ನು ನೀರಿಗೆ ಬಿಡು ಎಂದು ಹಿರಿಯರೊಬ್ಬರು ಹೇಳಿದರು. ಆಕೆ ಕೊಡಲಿಲ್ಲ. "ಅದು ಹೊಳೆಯಿಂದ ಬಂದಿದ್ದು, ಮತ್ತೆ ಹೊಳೆಗೆ ಯಾಕ?" ಎಂದಳು.

ಬಿಡಿಬಿಡಿಯಾಗಿದ್ದ ಟಿಲ್ಲರ್ ಶೆಡ್ಡಿನಲ್ಲೇ ಇತ್ತು. ಏನು ಮಾಡೋಣ ಎಂದು ಕೇಳಿದೆ. "ಇನ್ನದು ಬರೀ ಕಬ್ಬಿಣ ಅಕ್ಕಾ, ಗುಜರಿಗೆ ಹಾಕ್ರಿ" ಎಂದಳು. ಬೋಲ್ಟಿನ ಡಬ್ಬಿಯನ್ನೂ ನನ್ನ ಕೈಗೇ ಕೊಟ್ಟಳು. ಗುಜರಿಯವರು ಬಂದು ಒಯ್ದ ಮರುದಿನ ಬೆಳಿಗ್ಗೆ ನಾನು ಬೀಗ ತೆಗೆದು ಮೊದಲು ನೋಡಿದ್ದು ಆ ಜಾಗವನ್ನೇ. ನೆಲ ಒಣಗಿತ್ತು.

ಮಳೆಗಾಲ ಹಿಡಿದ ಮೇಲೆ ಮೈದುನ ಔಷಧಿ ಹೊಡೆಯುವ ಪಂಪು ಹಿಡಿದುಕೊಂಡು ನಮ್ಮಲ್ಲಿಗೆ ಬಂದ. ಅವತ್ತು ಒಳಗೆ ಬಂದು ಕೂತ, ಚಹಾ ಕುಡಿಯತೊಡಗಿದ. ಹಿಂದಿನ ಗದ್ದೆಯಲ್ಲಿ ಯಾರೋ ಟಿಲ್ಲರ್ ಶುರು ಮಾಡಿದರು. ಅವನ ಕೈ ಅಲ್ಲೇ ನಿಂತಿತು.

"ಅಕ್ಕಾರೆ, ನಿಮಗೂ ಕೇಳ್ತೈತಾ?" ಎಂದ.

"ಕೇಳ್ತೈತಪ್ಪ, ಹಿಂದಿನ ಗದ್ದೇಲಿ" ಎಂದೆ. ಅವನು ತಲೆಯಾಡಿಸಿ ಚಹಾ ಮುಗಿಸಿದ. ಆದರೂ ಹೊರಗೆ ಹೋಗಿ ಒಮ್ಮೆ ಇಣುಕಿ ನೋಡಿಯೇ ಬಂದ.

ಆ ಸಂಜೆ ಅವನಿಗೆ ಹೊಳೆಯಲ್ಲಿ ಕೇಳಿದ್ದು ಯಾರದೋ ಪಂಪು ಎಂದೇ ನನ್ನ ಗಂಡ ಇವತ್ತಿಗೂ ಹೇಳುತ್ತಾರೆ. ನಾನು ವಾದ ಮಾಡುವುದಿಲ್ಲ. ಬಟ್ಟೆ ತುರುಕಿದ ಸೈಲೆನ್ಸರನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಆಚೆ ದಡದ ಹೊಲ ಆ ಸಂಜೆಯಿಂದ ಬೀಳು ಬಿದ್ದಿತ್ತು. ಆಕೆ ಈ ವರ್ಷ ಅದನ್ನು ಹಸನು ಮಾಡಿಸಿ ಮೆಕ್ಕೆಜೋಳ ಹಾಕಿಸಿದ್ದಾಳೆ. ಸೇತುವೆ ಸುತ್ತಿ ಹೋದರೆ ಅರ್ಧ ದಿನ ಹಾಳು ಎಂದು, ನೀರು ಇಳಿದ ತಿಂಗಳುಗಳಲ್ಲಿ ಹೊಳೆಯ ಮರಳ ಮೇಲೆಯೇ ನಡೆದು ಹೋಗುತ್ತಾಳಂತೆ. "ಹೆದರಿಕೆ ಆಗಲ್ವಾ ತಂಗಿ?" ಎಂದು ಕೇಳಿದೆ.

"ನಡುವೆ ಒಂದು ಕಡೆ ಆಗ್ತೈತೆ. ಅಲ್ಲಿ ನಿಲ್ಲಲ್ಲ, ಬಿರಬಿರ ನಡೀತೀನಿ" ಎಂದಳು. "ಆಚೆ ಮುಟ್ಟಿದ ಮೇಲೆ ಒಂದು ಕೂಗು ಹಾಕ್ತೀನಿ. ನನ್ನ ದನಿ ಕೇಳೋ ತನಕ ಮೈದುನ ಈಚೆ ದಡ ಬಿಟ್ಟು ಕದಲಲ್ಲ."